ದುಗ್ಧರಸವನ್ನು ಪಂಪ್ ಮಾಡುವವರು ಯಾರು?

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯದಲ್ಲಿ ಹೃದಯಕ್ಕೆ ದೊಡ್ಡ ಚಿತ್ರವಿದೆ, ರಕ್ತನಾಳಗಳಿಗೆ ಪ್ರತ್ಯೇಕ ಶೀರ್ಷಿಕೆಯಿದೆ. ದುಗ್ಧರಸಕ್ಕೆ ಇರುವುದು ಒಂದು ಪ್ಯಾರಾ. ನನ್ನ ಪಾಠಯೋಜನೆಯೂ ಅದೇ ಅಳತೆಯಲ್ಲಿತ್ತು. 40 ನಿಮಿಷದ ಅವಧಿಯಲ್ಲಿ 30 ನಿಮಿಷ ರಕ್ತ ಪರಿಚಲನೆ, ಉಳಿದ 10 ನಿಮಿಷದಲ್ಲಿ ದುಗ್ಧರಸ, ಮೌಲ್ಯಮಾಪನ, ಮನೆಗೆಲಸ ಎಲ್ಲವೂ. ಶಹಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕೊಟ್ಟ ಏಳನೆಯ ಅಭ್ಯಾಸ ಪಾಠ ಅದು. ಹೃದಯದ ಭಾಗ ಚೆನ್ನಾಗಿಯೇ ಹೋಯಿತು. ಗಂಟೆ ಹೊಡೆಯಲು ಆರೇಳು ನಿಮಿಷ ಇರುವಾಗ, ದುಗ್ಧರಸವು ದುಗ್ಧನಾಳಗಳ ಮೂಲಕ ಹರಿದು ಅಭಿಧಮನಿಯನ್ನು ಸೇರುತ್ತದೆ ಎಂದು ಹೇಳಿ ಮುಗಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಮೇಡಂ, ಇದನ್ನ ಯಾರು ಪಂಪ್ ಮಾಡ್ತಾರ್ರಿ?”

“ಹೃದಯವೇ” ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಪ್ರಾಣಿಶಾಸ್ತ್ರ ಓದಿದವಳು ನಾನು.

ಹಿಂದೆ ಕುಳಿತಿದ್ದ ನಮ್ಮ ವಿಧಾನ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ ಬರೆದಿದ್ದರು: ‘ತಪ್ಪು. ಮರುಪಾಠ.’ ಆ ಮರುಪಾಠವನ್ನು ಸಿದ್ಧಪಡಿಸಿದ ಬಗೆಯನ್ನೂ, ಅದರ ನಡುವೆ ನನಗೇ ಸ್ಪಷ್ಟವಾದ ವಿಷಯವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ತಂಡದ ಸಹಪಾಠಿಗಳಿಗೆ ಇದೇ ಪ್ಯಾರಾ ಬರುತ್ತದೆ, ಇದೇ ಪ್ರಶ್ನೆಯೂ ಬಂದೇ ಬರುತ್ತದೆ.

ಮೊದಲ ಪಾಠದಲ್ಲಿ ಇನ್ನೊಂದು ತಪ್ಪೂ ನಡೆದಿತ್ತು. ಅದು ವೀಕ್ಷಣಾ ಪುಸ್ತಕಕ್ಕೆ ಬರಲಿಲ್ಲ. ಮಕ್ಕಳ ಗಮನ ಸೆಳೆಯಲೆಂದು ಆನೆಕಾಲು ರೋಗಿಯೊಬ್ಬರ ಕಾಲಿನ ದೊಡ್ಡ ಬಣ್ಣದ ಚಿತ್ರ ಅಂಟಿಸಿದ್ದೆ. ತರಗತಿ ನಕ್ಕಿತು. ಮಕ್ಕಳು ಎಚ್ಚೆತ್ತರು ಎಂದು ನಾನೂ ಖುಷಿಪಟ್ಟೆ. ಮೂರನೆಯ ಸಾಲಿನ ಒಬ್ಬ ಹುಡುಗಿ ಮಾತ್ರ ತಲೆ ಬಗ್ಗಿಸಿ ಪುಸ್ತಕದ ಅಂಚನ್ನು ಮಡಚುತ್ತ ಕುಳಿತಿದ್ದಳು. ಪಾಠ ಮುಗಿದ ಮೇಲೆ ಹೊರಗೆ ಬಂದು ಹೇಳಿದಳು: “ನಮ್ಮ ಆಯಿ ಕಾಲೂ ಹಿಂಗೇ ಅದ್ರಿ.” ಅದಕ್ಕೆ ಉತ್ತರವಾಗಿ ಏನು ಹೇಳಿದೆನೋ ನೆನಪಿಲ್ಲ. ಏನೂ ಹೇಳಿರಲಿಕ್ಕಿಲ್ಲ.

ಕಾಲುವೆ ಮತ್ತು ಬಸಿಗಾಲುವೆ

ಮರುಪಾಠವನ್ನು ಎಲ್ಲಿಂದ ಆರಂಭಿಸಬೇಕು ಎಂದು ಎರಡು ದಿನ ತಿಣುಕಾಡಿದೆ. ‘ದುಗ್ಧರಸ ಎಂದರೇನು’ ಎಂದು ಆರಂಭಿಸಿದರೆ ವ್ಯಾಖ್ಯೆ ಬರುತ್ತದೆ, ವ್ಯಾಖ್ಯೆಯನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಲ್ಲಿಗೆ ಮುಗಿಯಿತು. ಅದರ ಬದಲು, ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬಲ್ಲಿಂದ ಹೊರಡುವುದು ಸರಿ ಎನಿಸಿತು. ಅದಕ್ಕೆ ಬೇಕಾದ ಪೂರ್ವಜ್ಞಾನ ನಮ್ಮ ಭಾಗದ ಮಕ್ಕಳಲ್ಲಿ ಯಥೇಚ್ಛವಾಗಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಉಣ್ಣುವ ಹೊಲಗಳು ಇವರವು. ಕಾಲುವೆ ಬಂದಾಗ ಮೊದಲು ಬೆಳೆ ಬಂತು, ಹತ್ತಿಪ್ಪತ್ತು ವರ್ಷದ ಮೇಲೆ ತಗ್ಗಿನ ಹೊಲಗಳಿಗೆ ಜವಳು ಬಂತು. ನಮ್ಮ ಮನೆಗೂ ಅಂಥದೊಂದು ಹೊಲವಿದೆ. ಬಸಿಗಾಲುವೆ ತೋಡದೆ ನೀರು ಹರಿಸುತ್ತಲೇ ಹೋದರೆ ಎರೆಭೂಮಿ ಏನಾಗುತ್ತದೆ ಎಂದು ಕೇಳಿದರೆ ಹತ್ತನೆಯ ತರಗತಿಯ ಯಾವ ಮಗುವಾದರೂ ಹೇಳುತ್ತದೆ: ನೀರು ನಿಲ್ಲುತ್ತದೆ, ಉಪ್ಪು ಏಳುತ್ತದೆ, ಬೇರು ಕೊಳೆಯುತ್ತದೆ.

ದೇಹದಲ್ಲೂ ಕಾಲುವೆಯಿದೆ, ಅದು ರಕ್ತನಾಳ. ಅಪಧಮನಿ ಕವಲೊಡೆದು ಕವಲೊಡೆದು ಕೊನೆಗೆ ಲೋಮನಾಳವಾಗುತ್ತದೆ. ಲೋಮನಾಳದ ಗೋಡೆಯ ದಪ್ಪ ಒಂದೇ ಕೋಶ. ರಕ್ತದ ಒತ್ತಡಕ್ಕೆ ಪ್ಲಾಸ್ಮಾದ ನೀರು, ಲವಣ, ಗ್ಲೂಕೋಸ್ ಈ ಗೋಡೆಯ ಸಂದುಗಳಿಂದ ಹೊರಗೆ ಬಸಿಯುತ್ತವೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ನೀರು ತೊಟ್ಟಿಕ್ಕಿ ಗಟ್ಟಿ ಭಾಗ ಉಳಿಯುವಂತೆ, ಕೆಂಪು ರಕ್ತಕಣಗಳೂ ಬಹುಪಾಲು ಪ್ರೋಟೀನೂ ಒಳಗೇ ಉಳಿಯುತ್ತವೆ. ಹೊರಬಂದದ್ದು ಅಂಗಾಂಶ ದ್ರವ. ನಮ್ಮ ಜೀವಕೋಶಗಳಿಗೆ ರಕ್ತ ನೇರವಾಗಿ ತಗಲುವುದಿಲ್ಲ, ಅವು ಮೀಯುವುದು, ಉಣ್ಣುವುದು ಈ ದ್ರವದಲ್ಲಿ. ಆದ್ದರಿಂದ ಸೋರಿಕೆ ದೋಷವಲ್ಲ, ಅದೇ ಉದ್ದೇಶ. ಹೊಲಕ್ಕೆ ನೀರು ಹರಿಸುವುದು ಹೊಲ ನೆನೆಯಲಿ ಎಂದೇ ಅಲ್ಲವೇ?

ಪ್ರಶ್ನೆ ಇರುವುದು ಹೆಚ್ಚಾದ ನೀರಿನದು. ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದೆ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ, ಅದರಲ್ಲಿ ಪ್ಲಾಸ್ಮಾ ಸುಮಾರು 3 ಲೀಟರ್. ಮೂತ್ರಪಿಂಡಗಳ ಸೋಸುವಿಕೆಯನ್ನು ಬಿಟ್ಟು, ದೇಹದ ಉಳಿದೆಲ್ಲ ಲೋಮನಾಳಗಳಿಂದ ದಿನಕ್ಕೆ ಹೊರಬರುವ ದ್ರವ ಸುಮಾರು 20 ಲೀಟರ್. ಅದರಲ್ಲಿ ಸುಮಾರು 17 ಲೀಟರ್ ನೇರವಾಗಿ ರಕ್ತನಾಳಕ್ಕೆ ಮರಳುತ್ತದೆ. ಉಳಿಯುವುದು 3 ಲೀಟರ್. ಇಷ್ಟು ಬರೆದು ಸುಮ್ಮನೆ ನಿಂತೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎರಡು ಮೂರುಗಳನ್ನು ಜೋಡಿಸಿದಳು: “ಅಂದ್ರ ಒಂದ ದಿನದಾಗ ಪ್ಲಾಸ್ಮಾ ಎಲ್ಲಾ ಹೊರಗ ಹೋಗ್ತದ್ರಿ!” ನನ್ನ ಅಭ್ಯಾಸ ಪಾಠಗಳಲ್ಲಿ ತರಗತಿ ತಾನಾಗಿ ನಿಶ್ಶಬ್ದವಾದ ಕ್ಷಣ ಅದೊಂದೇ.

ಶಿಕ್ಷಕರ ತಿಳಿವಳಿಕೆಗೆ ಒಂದು ಮಾತು. ಈ 20, 17, 3ರ ಲೆಕ್ಕ ಪಠ್ಯಗಳಲ್ಲಿ ಬಹುಕಾಲದಿಂದ ಬಂದದ್ದು. ಲೋಮನಾಳದ ಅಭಿಧಮನಿ ತುದಿಯಲ್ಲಿ ಮರುಹೀರಿಕೆ ಹಿಂದೆ ತಿಳಿದಷ್ಟು ನಡೆಯುವುದಿಲ್ಲ, ಹೆಚ್ಚಿನ ಅಂಗಾಂಶಗಳಲ್ಲಿ ದುಗ್ಧನಾಳಗಳ ಹೊರೆ ಇನ್ನೂ ದೊಡ್ಡದು ಎಂದು ಇತ್ತೀಚಿನ ಶರೀರಕ್ರಿಯಾಶಾಸ್ತ್ರ ಹೇಳುತ್ತದೆ. ಪ್ರೌಢಶಾಲೆಗೆ ಹಳೆಯ ಲೆಕ್ಕ ಸಾಕು, ಏಕೆಂದರೆ ಎರಡರ ತಾತ್ಪರ್ಯವೂ ಒಂದೇ.

ಬಸಿಗಾಲುವೆಯ ಹೋಲಿಕೆ ಇನ್ನೂ ಒಂದು ಹೆಜ್ಜೆ ನಡೆಯುತ್ತದೆ. ಲೋಮನಾಳದಿಂದ ಸ್ವಲ್ಪ ಪ್ರೋಟೀನೂ ಸೋರುತ್ತದೆ. ದೊಡ್ಡ ಅಣುವಾದ್ದರಿಂದ, ಒಳಗೆ ಪ್ರೋಟೀನಿನ ಸಾಂದ್ರತೆ ಹೆಚ್ಚಿರುವುದರಿಂದ, ಅದು ಬಂದ ದಾರಿಯಲ್ಲಿ ಹಿಂದಿರುಗಲಾರದು. ಅಲ್ಲೇ ಉಳಿದರೆ ತನ್ನತ್ತ ನೀರನ್ನು ಎಳೆದುಕೊಳ್ಳುತ್ತದೆ. ಜವಳು ಹೊಲದಲ್ಲಿ ಉಪ್ಪು ಮಾಡುವ ತೊಂದರೆಯನ್ನು ಅಂಗಾಂಶದಲ್ಲಿ ಪ್ರೋಟೀನ್ ಮಾಡುತ್ತದೆ ಎಂದರೆ ತೀರಾ ತಪ್ಪಾಗದು. ಈ ಪ್ರೋಟೀನನ್ನು ರಕ್ತಕ್ಕೆ ಮರಳಿಸಲು ದುಗ್ಧನಾಳ ಬಿಟ್ಟರೆ ಬೇರೆ ದಾರಿಯಿಲ್ಲ. ಈ ಕೆಲಸ ಪೂರ್ತಿ ನಿಂತರೆ ಮನುಷ್ಯ ಒಂದು ದಿನ ಬದುಕುವುದೂ ಕಷ್ಟ ಎನ್ನುತ್ತವೆ ಶರೀರಕ್ರಿಯಾಶಾಸ್ತ್ರದ ಗ್ರಂಥಗಳು.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಮಕ್ಕಳಿಂದಲೇ ಹೇಳಿಸಿದೆ. ಬಸಿಗಾಲುವೆಯ ನೀರು ಹಳ್ಳಕ್ಕೆ ಹೋಗುತ್ತದೆ, ಕಾಲುವೆಗೆ ವಾಪಸು ಬರುವುದಿಲ್ಲ. ದುಗ್ಧರಸ ಬರುತ್ತದೆ. ಬಸಿಗಾಲುವೆ ಇಳಿಜಾರಿನಲ್ಲಿ ಹರಿಯುತ್ತದೆ. ದುಗ್ಧರಸ ಪಾದದಿಂದ ಕತ್ತಿನವರೆಗೆ ಏರಬೇಕು. ಇಲ್ಲಿಗೆ ಆ ಹುಡುಗನ ಪ್ರಶ್ನೆ ತಾನಾಗಿ ಮರಳಿ ಬಂತು.

ಏರಿಸುವ ಬಗೆ

ಮೊದಲು ದ್ರವ ನಾಳದೊಳಕ್ಕೆ ಹೋಗಬೇಕು. ದುಗ್ಧ ಲೋಮನಾಳಗಳು ಅಂಗಾಂಶಗಳ ನಡುವೆ ಮುಚ್ಚಿದ ತುದಿಯಿಂದ ಆರಂಭವಾಗುತ್ತವೆ. ರಕ್ತದ ಲೋಮನಾಳ ಎರಡೂ ಕಡೆ ಜೋಡಣೆ ಇರುವ ಪೈಪಾದರೆ ಇದು ಕೈಗವಸಿನ ಬೆರಳಿನಂತೆ. ಗೋಡೆಯ ಕೋಶಗಳು ಹಂಚಿನ ಮೇಲೆ ಹಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಕುಳಿತಿರುತ್ತವೆ. ಈ ಅಂಚುಗಳು ಒಳಕ್ಕೆ ಮಾತ್ರ ತೆರೆಯುವ ಕದಗಳು. ಗೋಡೆಯ ಹೊರಮೈಯನ್ನು ಸಣ್ಣ ಎಳೆಗಳು ಸುತ್ತಲಿನ ಅಂಗಾಂಶಕ್ಕೆ ಕಟ್ಟಿ ಹಿಡಿದಿರುತ್ತವೆ. ಅಂಗಾಂಶದಲ್ಲಿ ದ್ರವ ಹೆಚ್ಚಾಗಿ ಉಬ್ಬಿದಾಗ ಈ ಎಳೆಗಳು ಜಗ್ಗಿ ಕದ ತೆರೆಯುತ್ತವೆ. ಹೆಚ್ಚು ನೀರು ನಿಂತಲ್ಲಿ ಹೆಚ್ಚು ಬಾಗಿಲು ತೆರೆಯುವ ಈ ಏರ್ಪಾಡನ್ನು ಓದಿದಾಗ, ಇಷ್ಟು ದಿನ ಇದನ್ನು ಏಕೆ ಓದಿರಲಿಲ್ಲ ಎಂದು ಬೇಸರವಾಯಿತು. ಒಳಹೋದ ಅಂಗಾಂಶ ದ್ರವಕ್ಕೆ ದುಗ್ಧರಸ ಎಂದು ಹೆಸರು. ಎರಡನ್ನೂ ಒಂದೇ ಎಂಬಂತೆ ಹೇಳುವ ರೂಢಿ ನಮ್ಮಲ್ಲಿದೆ. ದ್ರವ ಹೆಚ್ಚುಕಡಿಮೆ ಅದೇ, ಇರುವ ಜಾಗ ಬೇರೆ ಎಂದು ಬಿಡಿಸಿ ಹೇಳಿದರೆ ಗೊಂದಲ ಉಳಿಯುವುದಿಲ್ಲ.

ಮುಂದಿನ ಭಾಗಕ್ಕೆ ನಾನು ಬಳಸಿದ ಬೋಧನೋಪಕರಣ, ಕ್ಯಾನಿನಿಂದ ಸೀಮೆಎಣ್ಣೆ ಎಳೆಯಲು ಬಳಸುವ ಪ್ಲಾಸ್ಟಿಕ್ಕಿನ ಕೈಪಂಪು. ಮೇಲಿನ ಉಬ್ಬನ್ನು ಹಿಸುಕಿದರೆ ದ್ರವ ಒಂದೇ ದಿಕ್ಕಿಗೆ ಹೋಗುತ್ತದೆ, ಬಿಟ್ಟರೆ ಕೆಳಗಿನಿಂದ ಮತ್ತಷ್ಟು ಬರುತ್ತದೆ. ಎರಡು ಬಕೆಟ್ ಇಟ್ಟು ಬಣ್ಣದ ನೀರು ಎಳೆಸಿದೆ. ಒಳಗೆ ಏನಿರಬೇಕು ಎಂದು ಕೇಳಿದಾಗ “ಫುಟ್‌ವಾಲ್ವ್ ರೀ” ಎಂಬ ಉತ್ತರ ನಾಲ್ಕೈದು ಕಡೆಯಿಂದ ಒಟ್ಟಿಗೆ ಬಂತು. ಬಾವಿಯ ಮೋಟರಿನ ಫುಟ್‌ವಾಲ್ವಿಗೆ ಕಸ ಸಿಕ್ಕಿ ನೀರು ಏರದೆ ಒದ್ದಾಡಿದ ಮನೆಯ ಮಕ್ಕಳು ಅವರು.

ದೊಡ್ಡ ದುಗ್ಧನಾಳಗಳ ಉದ್ದಕ್ಕೂ ಹೀಗೆ ಕವಾಟಗಳಿವೆ. ಎರಡು ಕವಾಟಗಳ ನಡುವಿನ ತುಂಡು ಒಂದು ಉಬ್ಬಿದ್ದಂತೆ. ಅದನ್ನು ಹಿಸುಕುವವರು ಹಲವರು. ನಾಳದ ಗೋಡೆಯಲ್ಲೇ ನಯಸ್ನಾಯು ಇದೆ, ತುಂಬಿದಾಗ ತಾನಾಗಿ ಕುಗ್ಗಿ ಮೇಲಿನ ತುಂಡಿಗೆ ದ್ರವವನ್ನು ದಾಟಿಸುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ಹಿಸುಕುತ್ತದೆ. ಪಕ್ಕದ ಅಪಧಮನಿಯ ಮಿಡಿತ ಒತ್ತುತ್ತದೆ. ಉಸಿರೆಳೆದಾಗ ಎದೆಗೂಡಿನ ಒತ್ತಡ ಇಳಿದು, ಹೊಟ್ಟೆಯ ಕಡೆಯ ದುಗ್ಧರಸ ಮೇಲಕ್ಕೆ ಸೆಳೆಯಲ್ಪಡುತ್ತದೆ. ಅಂದರೆ ಒಬ್ಬ ಯಜಮಾನನಿಲ್ಲ, ಬಂದಬಂದವರು ಒಂದೊಂದು ಕೈ ಹಾಕುತ್ತಾರೆ. ನಾನು ಹೇಳಿದ್ದ ‘ಹೃದಯವೇ’ ಎಂಬ ಉತ್ತರದಲ್ಲಿ ಅಪಧಮನಿಯ ಮಿಡಿತದಷ್ಟು ಮಾತ್ರ ಸತ್ಯವಿತ್ತು.

ವೇಗವೂ ಬೇರೆ. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ವಿಶ್ರಾಂತಿಯಲ್ಲಿರುವಾಗ ರಕ್ತಕ್ಕೆ ಮರಳುವ ದುಗ್ಧರಸ ಗಂಟೆಗೆ ಸುಮಾರು 120 ಮಿಲಿಲೀಟರ್, ಒಂದು ಚಹಾ ಲೋಟದಷ್ಟು. ಓಡಿದರೆ, ದುಡಿದರೆ ಇದು ಹತ್ತು ಪಟ್ಟಿಗೂ ಮೀರಿ ಏರಬಲ್ಲದು. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋಗುವವರ ಮಕ್ಕಳು ತರಗತಿಯಲ್ಲಿದ್ದರು. ಇಡೀ ರಾತ್ರಿ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಇಳಿದಾಗ ಚಪ್ಪಲಿ ಬಿಗಿಯಾಗುವುದು, ಸ್ವಲ್ಪ ನಡೆದಾಡಿದ ಮೇಲೆ ಸರಿಹೋಗುವುದು ಅವರಿಗೆ ಗೊತ್ತಿತ್ತು. ಏಕೆ ಎಂಬುದು ಅಂದು ಗೊತ್ತಾಯಿತು.

ಒಂದು ಅಡ್ಡಮಾತು. ಕಪ್ಪೆಗೆ ದುಗ್ಧಹೃದಯಗಳಿವೆ. ಮುಂದೆ ಒಂದು ಜೊತೆ, ಹಿಂದೆ ಒಂದು ಜೊತೆ. ಅವು ಮಿಡಿದು ದುಗ್ಧರಸವನ್ನು ಅಭಿಧಮನಿಗೆ ತಳ್ಳುತ್ತವೆ. ಇದನ್ನು ಹೇಳಿದಾಗ ಮೊದಲಿನ ಹುಡುಗ ನಕ್ಕು, “ಹಂಗಂದ್ರ ನೀವು ಕಪ್ಪಿ ಪಾಠ ಮಾಡಿದ್ರಿ ಮೇಡಂ ಅವತ್ತು” ಎಂದ. ವೀಕ್ಷಕರಾಗಿದ್ದ ನನ್ನ ಸಹಪಾಠಿಗಳೂ ನಕ್ಕರು. ನನಗೂ ಆ ನಗು ಸಾಕಾಗಿತ್ತು, ಕೆಂಪು ಶಾಯಿಯ ಬಿಸಿ ಅಲ್ಲಿಗೆ ಇಳಿಯಿತು.

ನಾಳಗಳು ಸೇರಿ ಸೇರಿ ಎರಡು ದೊಡ್ಡ ನಾಳಗಳಾಗುತ್ತವೆ. ಎರಡೂ ಕಾಲು, ಹೊಟ್ಟೆ, ಎಡಗೈ, ತಲೆ ಮತ್ತು ಎದೆಯ ಎಡಭಾಗ, ಇಷ್ಟರ ದುಗ್ಧರಸವನ್ನು ಒಯ್ಯುವುದು ವಕ್ಷನಾಳ. ಅದು ಸೊಂಟದ ಮೇಲ್ಭಾಗದಲ್ಲಿ ಬೆನ್ನೆಲುಬಿನ ಮುಂದೆ ಆರಂಭವಾಗಿ, ಮೇಲೇರಿ, ಎಡಗತ್ತಿನ ಬುಡದಲ್ಲಿ ಎರಡು ದೊಡ್ಡ ಅಭಿಧಮನಿಗಳು ಕೂಡುವಲ್ಲಿ ತೆರೆಯುತ್ತದೆ. ಉದ್ದ ಸುಮಾರು 40 ಸೆಂಟಿಮೀಟರ್. ಉಣ್ಣೆಯ ಹಳದಿ ದಾರವನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿ ಒಬ್ಬ ವಿದ್ಯಾರ್ಥಿಯ ಅಂಗಿಯ ಮೇಲೆ ಪಿನ್ ಮಾಡಿ ತೋರಿಸಿದೆ. ಬಲಗೈ, ತಲೆ ಮತ್ತು ಎದೆಯ ಬಲಭಾಗದ್ದನ್ನು ಒಯ್ಯುವ ಬಲ ದುಗ್ಧನಾಳಕ್ಕೆ ಒಂದು ಸೆಂಟಿಮೀಟರಿನಷ್ಟು ತುಂಡು ಸಾಕಾಯಿತು. ಈ ಅಸಮಾನ ಹಂಚಿಕೆ ಚಾರ್ಟಿನಲ್ಲಿ ಕಂಡರೆ ಮರೆಯುತ್ತದೆ, ಗೆಳೆಯನ ಅಂಗಿಯ ಮೇಲೆ ಕಂಡರೆ ಉಳಿಯುತ್ತದೆ.

ಹೆಸರಿನ ತೊಡಕು

‘ದುಗ್ಧ’ ಎಂದರೆ ಹಾಲು. ಮೌಲ್ಯಮಾಪನದ ಹಾಳೆಗಳಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ದುಗ್ಧರಸದ ಬಣ್ಣ ‘ಬಿಳಿ’ ಎಂದು ಬರೆದಿದ್ದರು. ತಪ್ಪು ಅವರದಲ್ಲ, ನಾವು ಕೊಟ್ಟ ಹೆಸರು ಹಾಗಿದೆ. ಇಂಗ್ಲಿಷಿನ ಲಿಂಫ್ ಎಂಬ ಹೆಸರು ತಿಳಿನೀರು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ದೇಹದ ಬಹುಭಾಗದಲ್ಲಿ ದುಗ್ಧರಸ ಇರುವುದೂ ತಿಳಿಯಾಗಿ, ಹೆಚ್ಚೆಂದರೆ ನಸುಹಳದಿಯಾಗಿ. ಮಂಡಿ ತರಚಿದಾಗ ರಕ್ತ ನಿಂತ ಮೇಲೆ ಜಿನುಗುವ ತಿಳಿದ್ರವವನ್ನು ನೆನಪಿಸಿದರೆ ಮಕ್ಕಳಿಗೆ ಹತ್ತಿರದ ಕಲ್ಪನೆ ಸಿಗುತ್ತದೆ.

ಹಾಗಾದರೆ ಹಾಲು ಎಲ್ಲಿಂದ ಬಂತು? ಅದಕ್ಕೂ ಆಧಾರವಿದೆ, ಅದು ಕರುಳಿನಲ್ಲಿದೆ. ಸಣ್ಣ ಕರುಳಿನ ಪ್ರತಿಯೊಂದು ವಿಲ್ಲೈ ಒಳಗೆ ರಕ್ತದ ಲೋಮನಾಳಗಳ ಜೊತೆಗೆ ಒಂದು ದುಗ್ಧ ಲೋಮನಾಳವೂ ಇರುತ್ತದೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ರಕ್ತಕ್ಕೆ ಹೋಗುತ್ತವೆ. ಕೊಬ್ಬು ಹಾಗಲ್ಲ. ಅದು ಕರುಳಿನ ಕೋಶಗಳಲ್ಲಿ ಪ್ರೋಟೀನಿನ ಹೊದಿಕೆಯುಳ್ಳ ಸಣ್ಣ ಹನಿಗಳಾಗುತ್ತದೆ. ಆ ಹನಿಗಳು ರಕ್ತದ ಲೋಮನಾಳದ ಗೋಡೆ ದಾಟಲಾರದಷ್ಟು ದೊಡ್ಡವು, ದುಗ್ಧನಾಳದ ಕದಗಳಲ್ಲಿ ಮಾತ್ರ ತೂರುತ್ತವೆ. ಆದ್ದರಿಂದ ತುಪ್ಪ, ಎಣ್ಣೆ ಚೆನ್ನಾಗಿ ಹಾಕಿದ ಹೋಳಿಗೆ ಊಟದ ಒಂದೆರಡು ತಾಸಿನ ಮೇಲೆ ಕರುಳಿನ ದುಗ್ಧರಸ ನಿಜವಾಗಿಯೂ ಹಾಲಿನಂತಾಗುತ್ತದೆ. ಇಟಲಿಯ ಗಾಸ್ಪರೆ ಅಸೆಲ್ಲಿ 1622ರಲ್ಲಿ, ಆಗತಾನೆ ಉಂಡಿದ್ದ ನಾಯಿಯ ಹೊಟ್ಟೆಯನ್ನು ಸೀಳಿ ನೋಡಿದಾಗ ಕಂಡದ್ದು ಈ ಬಿಳಿ ದಾರಗಳನ್ನೇ. ನರಗಳೆಂದು ಭಾವಿಸಿ ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಹೊರಬಂತು. ಉಪವಾಸದ ನಾಯಿಯಾಗಿದ್ದರೆ ಅವು ಕಣ್ಣಿಗೆ ಬೀಳುತ್ತಿರಲಿಲ್ಲ. ಅವು ವಕ್ಷನಾಳವನ್ನು ಸೇರಿ ಅಲ್ಲಿಂದ ರಕ್ತಕ್ಕೆ ಹೋಗುತ್ತವೆ ಎಂದು ತೋರಿಸಿದ್ದು ಫ್ರಾನ್ಸಿನ ಜ್ಯಾಂ ಪೆಕೆ, 1651ರಲ್ಲಿ. ನಮ್ಮ ‘ದುಗ್ಧರಸ’ ಎಂಬ ಪದ ಈ ಒಂದು ಭಾಗದ ನೋಟವನ್ನು ಇಡೀ ವ್ಯೂಹಕ್ಕೆ ಹಚ್ಚಿದೆ. ಪದ ಬದಲಿಸಬೇಕೆಂದು ನಾನು ಹೇಳುತ್ತಿಲ್ಲ, ಪರೀಕ್ಷೆಯಲ್ಲಿ ಅದೇ ಬರುತ್ತದೆ. ಪದ ಕಲಿಸುವ ದಿನವೇ ಬಣ್ಣವನ್ನೂ ತಿದ್ದಬೇಕು.

ಇದೇ ತೊಡಕಿನ ಇನ್ನೊಂದು ಮುಖ: ‘ದುಗ್ಧಗ್ರಂಥಿ’ ಎಂದಾಗ ಹುಡುಗರ ಸಾಲಿನಲ್ಲಿ ಪಿಸುಗುಟ್ಟುವಿಕೆ ಎದ್ದಿತು. ಒಬ್ಬ ಧೈರ್ಯಮಾಡಿ, “ಗಂಡ್ಸೂರಿಗೂ ಇರ್ತದೇನ್ರಿ?” ಎಂದ. ಗದರಿಸದೆ, ಹಾಲಿನ ಗ್ರಂಥಿ ಬೇರೆ, ಇದು ಬೇರೆ, ಇದು ನಿನ್ನಲ್ಲೇ ಐನೂರಕ್ಕೂ ಹೆಚ್ಚು ಇದೆ ಎಂದೆ. ಇದು ಹಾರ್ಮೋನನ್ನಾಗಲಿ ಕಿಣ್ವವನ್ನಾಗಲಿ ಸ್ರವಿಸುವುದಿಲ್ಲವಾದ್ದರಿಂದ ಗ್ರಂಥಿ ಎಂಬ ಪದವೂ ಸಡಿಲವೇ. ‘ದುಗ್ಧಗಂಟು’ ಎಂದರೆ ಮಕ್ಕಳಿಗೆ ಬೇಗ ಹತ್ತುತ್ತದೆ ಎಂಬುದು ನನ್ನ ಅನುಭವ.

ಮುಳ್ಳು ಮತ್ತು ಗಂಟು

“ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಂಟು ಬಂದದ್ದು ಯಾರಿಗೆ?” ಎಂದು ಕೇಳಿದೆ. ಜಾಲಿಮುಳ್ಳಿನ ಊರು, ಅರ್ಧ ತರಗತಿ ಕೈ ಎತ್ತಿತು. ಗಾಯ ಪಾದದಲ್ಲಿ, ನೋವಿನ ಗಂಟು ತೊಡೆಸಂದಿನಲ್ಲಿ. ನಡುವಿನ ಮಂಡಿಗೆ ಏನೂ ಇಲ್ಲ. ಇದು ಹೇಗೆ ಎಂದು ಗುಂಪುಗಳಲ್ಲಿ ಚರ್ಚಿಸಲು ಐದು ನಿಮಿಷ ಕೊಟ್ಟೆ. ಮೂರು ಗುಂಪುಗಳು ನಾಳದ ದಾರಿಯನ್ನು ತಾವೇ ಊಹಿಸಿದವು.

ದುಗ್ಧಗಂಟುಗಳು ಹುರುಳಿ, ಅವರೆಕಾಳಿನ ಗಾತ್ರದವು, ಕೆಲವು ಇನ್ನೂ ದೊಡ್ಡವು. ಕತ್ತು, ಕಂಕುಳು, ತೊಡೆಸಂದು, ಕರುಳಿನ ಸುತ್ತ ಗುಂಪುಗುಂಪಾಗಿರುತ್ತವೆ. ಪ್ರತಿ ಗಂಟಿಗೂ ಹಲವು ನಾಳಗಳು ಬರುತ್ತವೆ, ಒಂದೋ ಎರಡೋ ಹೊರಡುತ್ತವೆ. ಆದ್ದರಿಂದ ಒಳಗೆ ಹರಿವು ನಿಧಾನವಾಗುತ್ತದೆ. ಆ ನಿಧಾನದಲ್ಲಿ ಭಕ್ಷಕ ಕೋಶಗಳು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ, ಲಿಂಫೋಸೈಟ್‌ಗಳು ಬಂದವರ ಗುರುತು ನೋಡುತ್ತವೆ. ಇದನ್ನು ನಾವೆಲ್ಲ ‘ಚೆಕ್‌ಪೋಸ್ಟ್’ ಎಂದು ಹೇಳಿಕೊಡುತ್ತೇವೆ. ಹೋಲಿಕೆ ಕೆಟ್ಟದ್ದಲ್ಲ, ಆದರೆ ಗಂಟು ಏಕೆ ಊದುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಚೆಕ್‌ಪೋಸ್ಟಿನಲ್ಲಿ ಕಳ್ಳನನ್ನು ಕಂಡ ಪೊಲೀಸ್ ಒಬ್ಬ ಸಾವಿರವಾಗುವುದಿಲ್ಲ. ಇಲ್ಲಿ ಆಗುತ್ತದೆ. ಒಂದು ರೋಗಾಣುವನ್ನು ಗುರುತಿಸಬಲ್ಲ ಲಿಂಫೋಸೈಟ್ ಅದನ್ನು ಕಂಡೊಡನೆ ಮತ್ತೆ ಮತ್ತೆ ವಿಭಜನೆಗೊಳ್ಳುತ್ತದೆ. ಬಿ ಕೋಶಗಳಿಂದ ಪ್ರತಿಕಾಯ ತಯಾರಿಸುವ ಕೋಶಗಳಾಗುತ್ತವೆ, ಟಿ ಕೋಶಗಳಲ್ಲಿ ಕೆಲವು ಸೋಂಕಿತ ಕೋಶಗಳನ್ನೇ ಕೊಲ್ಲುತ್ತವೆ. ಊತ ಎಂದರೆ ಕೆಲಸ ನಡೆದಿದೆ ಎಂದರ್ಥ. ಗಾಯ ಮಾಗಿದ ಮೇಲೆ ಗಂಟು ತಾನಾಗಿ ಇಳಿಯುತ್ತದೆ. ನೋವಿಲ್ಲದೆ ಗಟ್ಟಿಯಾಗಿ ವಾರಗಟ್ಟಲೆ ಉಳಿದರೆ, ಬೆಳೆಯುತ್ತ ಹೋದರೆ, ವೈದ್ಯರಿಗೆ ತೋರಿಸಲೇಬೇಕು. ಹಳಬರು ಗಂಡಮಾಲೆ ಎನ್ನುತ್ತಿದ್ದ ಕತ್ತಿನ ಗಂಟುಗಳು ಬಹುಮಟ್ಟಿಗೆ ಕ್ಷಯದವು. 1898ರಲ್ಲಿ ಬೆಂಗಳೂರು, ಹುಬ್ಬಳ್ಳಿಗಳನ್ನು ಖಾಲಿ ಮಾಡಿಸಿದ ಪ್ಲೇಗಿನ ಗಡ್ಡೆಗಳೂ ಚಿಗಟ ಕಚ್ಚಿದ ಜಾಗದಿಂದ ಹೊರಟ ಬ್ಯಾಕ್ಟೀರಿಯಾ ತುಂಬಿ ಊದಿದ ಇದೇ ದುಗ್ಧಗಂಟುಗಳು.

ವ್ಯೂಹದ ಉಳಿದ ಅಂಗಗಳನ್ನು ಬೇಗ ಮುಗಿಸಿದೆ. ಗುಲ್ಮ ಸೋಸುವುದು ದುಗ್ಧರಸವನ್ನಲ್ಲ, ರಕ್ತವನ್ನು. ಎದೆಗೂಡಿನ ಥೈಮಸ್ ಟಿ ಕೋಶಗಳು ಪಕ್ವವಾಗುವ ಜಾಗ, ಹರೆಯದ ನಂತರ ಕುಗ್ಗುತ್ತದೆ. ಗಂಟಲಿನ ಟಾನ್ಸಿಲ್ ಸಹ ಇದೇ ಬಳಗದ್ದು. ಮಿದುಳಿಗೆ ದುಗ್ಧನಾಳವಿಲ್ಲ ಎಂದು ನಾವು ಕಲಿತಿದ್ದೆವು. 2015ರಲ್ಲಿ ವರ್ಜೀನಿಯಾ ಮತ್ತು ಹೆಲ್ಸಿಂಕಿ ವಿಶ್ವವಿದ್ಯಾಲಯಗಳ ಎರಡು ತಂಡಗಳು ಇಲಿಗಳ ಮಿದುಳಿನ ಹೊರಪೊರೆಯಲ್ಲಿ ದುಗ್ಧನಾಳಗಳನ್ನು ತೋರಿಸಿದವು. ಆ ವಾಕ್ಯವನ್ನು ಇನ್ನು ಎಚ್ಚರಿಕೆಯಿಂದ ಹೇಳಬೇಕು.

ಚಿತ್ರವಿಲ್ಲದೆ ಆನೆಕಾಲು

ಆನೆಕಾಲು ರೋಗವನ್ನು ಬಿಡುವಂತಿರಲಿಲ್ಲ. ಯಾದಗಿರಿ, ಕಲಬುರಗಿ, ರಾಯಚೂರು ಭಾಗಕ್ಕೂ ನಮ್ಮ ಕರಾವಳಿಗೂ ಅದು ಪುಸ್ತಕದ ರೋಗವಲ್ಲ. ಚಿತ್ರವನ್ನು ಮಾತ್ರ ಈ ಸಲ ಒಯ್ಯಲಿಲ್ಲ. ಪ್ರೇರಣೆಯ ಹಂತಕ್ಕೆ ರೋಗಿಯ ದೇಹವನ್ನು ಬಳಸುವುದು ತಪ್ಪು ಎಂದು ಈಗ ನನಗೆ ಖಚಿತವಾಗಿದೆ. ನಗುವ ಮಗುವಿಗೆ ಅದು ಏನನ್ನೂ ಕಲಿಸುವುದಿಲ್ಲ, ನಗದ ಮಗುವಿನ ಬಾಯಿ ಮುಚ್ಚಿಸುತ್ತದೆ. ಅದರ ಬದಲು ಸೀಮೆಎಣ್ಣೆ ಪಂಪಿಗೇ ಮರಳಿದೆ. ಇದರ ವಾಲ್ವ್ ಕೆಟ್ಟರೆ?

ಉಚರೇರಿಯಾ ಬ್ಯಾಂಕ್ರಾಫ್ಟಿ ಎಂಬ ದಾರದಂಥ ಹುಳು ದುಗ್ಧನಾಳದೊಳಗೇ ವರ್ಷಗಟ್ಟಲೆ ಬಾಳುತ್ತದೆ. ಅದು ಇರುವ ಜಾಗದಲ್ಲಿ ನಾಳ ಹಿಗ್ಗುತ್ತದೆ, ಕವಾಟಗಳು ಒಂದನ್ನೊಂದು ಮುಟ್ಟದಂತಾಗುತ್ತವೆ, ಏರಿದ ದ್ರವ ಕೆಳಗೆ ಜಾರುತ್ತದೆ. ಪ್ರೋಟೀನ್ ತುಂಬಿದ ದ್ರವ ಪಾದದಲ್ಲಿ ನಿಲ್ಲುತ್ತದೆ. ಹೊಲಕ್ಕೆ ಜವಳು ಹಿಡಿಯುವುದು ಹೀಗೆಯೇ. ಇದರ ಮೇಲೆ ಬ್ಯಾಕ್ಟೀರಿಯಾಗಳ ಕಾಟ. ಕಾಲ್ಬೆರಳ ಸಂದಿನ ಬಿರುಕಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾಗಳನ್ನು ಗಂಟಿಗೆ ಒಯ್ಯುವ ಹರಿವೇ ಇಲ್ಲ. ಮತ್ತೆ ಮತ್ತೆ ಜ್ವರ, ನೋವು, ಕೆಂಪು. ಪ್ರತಿ ಸಲವೂ ಚರ್ಮ ಇನ್ನಷ್ಟು ದಪ್ಪವಾಗುತ್ತದೆ.

ಹುಳುವಿನ ಮರಿಗಳು ರಾತ್ರಿ ಹೊತ್ತು ರಕ್ತದಲ್ಲಿ ಹೆಚ್ಚಾಗಿ ತಿರುಗುತ್ತವೆ, ಹಾಗಾಗಿಯೇ ಆರೋಗ್ಯ ಇಲಾಖೆಯವರು ರಾತ್ರಿ ಬಂದು ಬೆರಳು ಚುಚ್ಚುವುದು. ಕೊಳೆನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಅವನ್ನು ಒಬ್ಬರಿಂದ ಒಬ್ಬರಿಗೆ ಒಯ್ಯುತ್ತದೆ. ಸೊಳ್ಳೆಯ ಪಾತ್ರವನ್ನು ಪ್ಯಾಟ್ರಿಕ್ ಮ್ಯಾನ್ಸನ್ ಚೀನಾದಲ್ಲಿ 1877ರಲ್ಲಿ ಕಂಡುಕೊಂಡರು. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಇದು ಹರಡುವುದಿಲ್ಲ. ಈ ವಾಕ್ಯವನ್ನು ಎರಡು ಸಲ ಹೇಳಿದೆ, ಎರಡನೆಯ ಸಲ ಯಾರ ಕಡೆಯೂ ನೋಡದೆ ಕಪ್ಪುಹಲಗೆಯ ಮೇಲೆ ಬರೆದೆ.

ಮನೆಮನೆಗೆ ಕೊಡುವ ಗುಳಿಗೆಗಳ ಬಗ್ಗೆ ಮಾತು ಬಂದಾಗ, ತಲೆ ತಿರುಗುತ್ತದೆ ಎಂದು ಮನೆಯವರು ಹಿತ್ತಲಿಗೆ ಎಸೆದ ಕಥೆಗಳು ಹೊರಬಂದವು. ಡಿಇಸಿ, ಅಲ್ಬೆಂಡಜೋಲ್, ಯಾದಗಿರಿಯಂಥ ಕಡೆ ಜೊತೆಗೆ ಐವರ್‌ಮೆಕ್ಟಿನ್, ಇವು ಮುಖ್ಯವಾಗಿ ರಕ್ತದಲ್ಲಿರುವ ಮರಿಗಳನ್ನು ಕೊಲ್ಲುತ್ತವೆ. ಸೊಳ್ಳೆಗೆ ಹೊತ್ತೊಯ್ಯಲು ಏನೂ ಉಳಿಯುವುದಿಲ್ಲ. ಕೆಲವರಿಗೆ ಬರುವ ತಲೆನೋವು, ಜ್ವರ ಹೆಚ್ಚಾಗಿ ಮರಿಗಳು ಸಾಯುವುದರಿಂದ ಆಗುವಂಥವು. ಸೋಂಕು ಹೆಚ್ಚಾಗಿ ಚಿಕ್ಕಂದಿನಲ್ಲೇ ತಗಲಿ, ಊತ ವರ್ಷಗಳ ನಂತರ ಕಾಣಿಸುವುದರಿಂದ, ಆರೋಗ್ಯವಾಗಿರುವವರೂ ನುಂಗಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ತೀವ್ರ ಕಾಯಿಲೆಯವರಿಗೆ ಕೊಡುವುದಿಲ್ಲ.

ಗಂಟೆ ಹೊಡೆಯಿತು. ಮೂರನೆಯ ಸಾಲಿನ ಹುಡುಗಿ ಈ ಸಲ ತರಗತಿಯಲ್ಲೇ, ಎಲ್ಲರೂ ಕೇಳುವಂತೆ ಕೇಳಿದಳು: “ಗುಳಿಗಿ ತಗೊಂಡ್ರ ನಮ್ಮ ಆಯಿ ಕಾಲು ಸಣ್ಣದಾಗ್ತದೇನ್ರಿ?”

ಇಲ್ಲ ಎಂದೆ. ಹಳೆಯ ಊತವನ್ನು ಗುಳಿಗೆ ಇಳಿಸುವುದಿಲ್ಲ. ಆದರೆ ಮತ್ತೆ ಮತ್ತೆ ಬರುವ ಜ್ವರ, ನೋವನ್ನು ಕಡಿಮೆ ಮಾಡಬಹುದು, ಕಾಲು ಇನ್ನೂ ಹೆಚ್ಚದಂತೆ ತಡೆಯಬಹುದು. ದಿನವೂ ಸಾಬೂನು ಹಚ್ಚಿ ತಣ್ಣನೆಯ ಶುದ್ಧ ನೀರಿನಲ್ಲಿ ತೊಳೆಯುವುದು, ತಿಕ್ಕದೆ ಬಟ್ಟೆ ಒತ್ತಿ ಒರೆಸುವುದು, ಬೆರಳ ಸಂದುಗಳನ್ನು ಪೂರ್ತಿ ಒಣಗಿಸುವುದು, ಬಿರುಕಿದ್ದರೆ ಆಸ್ಪತ್ರೆಯ ಮುಲಾಮು ಹಚ್ಚುವುದು, ಮಲಗುವಾಗ ಕಾಲಡಿ ದಿಂಬು ಇಡುವುದು, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿ ಮೀನಖಂಡಕ್ಕೆ ಪಂಪ್ ಮಾಡಲು ಬಿಡುವುದು. ಪ್ರತಿಯೊಂದಕ್ಕೂ ಕಾರಣ ಆಗಷ್ಟೇ ಮುಗಿದ ಪಾಠದಲ್ಲೇ ಇತ್ತು. ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ಪಕ್ಕದವಳೂ ಬರೆದುಕೊಂಡಳು, ಏಕೆಂದು ನಾನು ಕೇಳಲಿಲ್ಲ.

ಅಭ್ಯಾಸ ಬೋಧನೆಯ ಕೊನೆಯ ವಾರ ಕಾರಿಡಾರಿನಲ್ಲಿ ಸಿಕ್ಕಾಗ ಆಯಿಯ ಕಾಲು ತೊಳೆಯುತ್ತಿದ್ದೀಯಾ ಎಂದು ಕೇಳಿದೆ. “ಹೂಂ ರೀ, ದಿನಾ ಸಂಜಿಗಿ. ಬೆರಳ ಸಂದಿ ಒಣಗಸೂದೇ ಬಾಳ ಹೊತ್ತು ಹಿಡೀತದ್ರಿ” ಎಂದು ಹೇಳಿ ಪ್ರಾರ್ಥನೆಯ ಸಾಲಿಗೆ ಓಡಿದಳು.